ಮೇಸ್ತ್ರಿಯ ರೇಡಿಯೊ, ಮಗನ ರೇಡಿಯೊ

ಅರಸೀಕೆರೆಯ ಹೊರಗೆ ಒಂದು ಮೂವತ್ತು-ನಲವತ್ತರ ಸೈಟಿನಲ್ಲಿ ನಾನು ಮನೆ ಕಟ್ಟಿಸಲು ಶುರು ಮಾಡಿದ್ದು 2022ರ ಜನವರಿಯಲ್ಲಿ. ಪಾಯ ತೋಡುವ ದಿನ ಮೇಸ್ತ್ರಿಗಳು ಸಾಮಾನು ಇಳಿಸುತ್ತಿದ್ದುದನ್ನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಹಾರೆ, ಪಿಕಾಸಿ, ಮಟ್ಟಗೋಲು, ತೂಕದ ಗುಂಡು, ನಾಲ್ಕು ಬಾಂಡ್ಲಿ. ಎಲ್ಲ ಇಳಿದ ಮೇಲೆ ಗೋಣಿಚೀಲದ ತಳದಿಂದ ಹೊರಬಂದದ್ದು ಒಂದು ರೇಡಿಯೊ. ರೇಡಿಯೊ ಎಂದು ನಾನು ಗುರುತು ಹಿಡಿದದ್ದು ಸ್ವಲ್ಪ ತಡವಾಗಿಯೇ. ಏಕೆಂದರೆ ಅದರ ನಾಲ್ಕು ಕಡೆಗೂ ಸೈಕಲ್ ಟ್ಯೂಬನ್ನು ಕತ್ತರಿಸಿ ಪಟ್ಟಿ ಪಟ್ಟಿಯಾಗಿ ಬಿಗಿದಿದ್ದರು. ಮುಳ್ಳು ಓಡುವ ಗಾಜು ಮತ್ತು ಎರಡು ತಿರುಪು ಮಾತ್ರ ಹೊರಗೆ ಕಾಣುತ್ತಿದ್ದವು. ಸ್ಪೀಕರಿನ ಬಾಯಿಗೆ ಸಿಮೆಂಟಿನ ದೂಳು ಹೋಗದಂತೆ ತೆಳ್ಳನೆಯ ಹತ್ತಿ ಬಟ್ಟೆ ಹೊಲಿದಿದ್ದರು.

ಮೇಸ್ತ್ರಿಗಳು ಅದನ್ನು ಇಟ್ಟಿಗೆ ರಾಶಿಯ ಮೇಲೆ ಇಟ್ಟು, ಸ್ವಲ್ಪ ಎಡಕ್ಕೆ, ಮತ್ತೆ ಸ್ವಲ್ಪ ಬಲಕ್ಕೆ ತಿರುಗಿಸಿ, ಕೊನೆಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದರು. ದೇವರ ಫೋಟೊ ಇಟ್ಟ ಹಾಗೆ ಕಂಡು ನಾನು, "ಪೂರ್ವಕ್ಕೇ ಇಡಬೇಕಾ ಮೇಸ್ತ್ರಿಗಳೇ?" ಎಂದೆ.

"ಬೆಂಗಳೂರು ಅತ್ಲಾಗಲ್ವಾ ಮೇಷ್ಟ್ರೇ. ಅದು ಮಾತಾಡೋರ ಮುಖ ನೋಡ್ಬೇಕು. ಇಲ್ದಿದ್ರೆ ಕೇಳಲ್ಲ" ಎಂದರು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು ನಾನು. ಈ ಮಾತು ಅಕ್ಷರಶಃ ಸರಿ ಎಂದು ಹೊಳೆಯಲು ಒಂದು ನಿಮಿಷ ಹಿಡಿಯಿತು. ಮೀಡಿಯಂ ವೇವ್ ರೇಡಿಯೊದ ಒಳಗೆ, ಅದರ ಉದ್ದಕ್ಕೂ, ಬಳಪದಂಥ ಒಂದು ಕಪ್ಪು ಕಡ್ಡಿ ಇರುತ್ತದೆ. ಅದಕ್ಕೆ ಫೆರೈಟ್ ಕಡ್ಡಿ ಎನ್ನುತ್ತಾರೆ. ಅದರ ಸುತ್ತ ಸುತ್ತಿದ ನವಿರಾದ ತಂತಿಯೇ ಆ ರೇಡಿಯೊದ ಆಂಟೆನಾ. ಕಡ್ಡಿಯ ತುದಿ ನಿಲಯದ ದಿಕ್ಕಿಗೆ ನೆಟ್ಟರೆ ದನಿ ಸತ್ತೇ ಹೋಗುತ್ತದೆ. ಕಡ್ಡಿ ಅಡ್ಡಲಾಗಿ ನಿಂತರೆ, ಅಂದರೆ ರೇಡಿಯೊದ ಮುಖ ನಿಲಯದ ಕಡೆಗಿದ್ದರೆ, ದನಿ ತುಂಬಿ ಬರುತ್ತದೆ. ಮೇಸ್ತ್ರಿಗಳಿಗೆ ಕಡ್ಡಿಯ ಸುದ್ದಿ ಗೊತ್ತಿರಲಿಲ್ಲ. ಅದರ ಬೇಕು ಬೇಡ ಮಾತ್ರ ಗೊತ್ತಿತ್ತು.

ಆ ರೇಡಿಯೊ 1984ರಲ್ಲಿ ಅವರ ಮದುವೆಗೆ ಮಾವ ಕೊಟ್ಟದ್ದು. ಆ ಕಾಲದ ಮದುವೆಗಳಲ್ಲಿ ವಾಚು, ಸೈಕಲ್ಲು, ರೇಡಿಯೊ ಎಂಬ ಮೂರು ಇರುತ್ತಿದ್ದವಷ್ಟೆ. ವಾಚು ಯಾವಾಗಲೋ ನಿಂತಿತು, ಸೈಕಲ್ಲು ಗುಜರಿಗೆ ಹೋಯಿತು. ಅದರ ಟ್ಯೂಬು ಮಾತ್ರ ರೇಡಿಯೊಗೆ ಸುತ್ತಿಕೊಂಡು ಉಳಿದಿದೆ ಎಂದು ಅವರೇ ನಕ್ಕರು. ಕಂಪನಿಯ ಹೆಸರಿಲ್ಲದ ಸೆಟ್ಟು. ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದು ತಿಪಟೂರಿನ ಮೆಕ್ಯಾನಿಕ್ ಒಬ್ಬರು ಜೋಡಿಸಿಕೊಟ್ಟದ್ದಂತೆ.

ಲಿಂಟಲ್ ಮಟ್ಟಕ್ಕೆ ಗೋಡೆ ಬಂದಾಗ ಅದರ ಮುಳ್ಳು ಓಡದೆ ನಿಂತಿತು. ನಾನೇ ಬಿಚ್ಚಿದೆ. ಒಳಗೆ ಗಂಟು ಬಿದ್ದ ಡಯಲ್ ದಾರ ಕಡಿದುಹೋಗಿತ್ತು. ದಾರವನ್ನು ಮೂರು ಪುಟ್ಟ ಗಾಲಿಗಳ ಮೇಲೆ ಹಾಯಿಸಿ, ಸ್ಪ್ರಿಂಗಿಗೆ ಸಿಕ್ಕಿಸಿ, ಮುಳ್ಳನ್ನು ಅದರ ಮೇಲೆ ಕೂರಿಸುವುದಿದೆಯಲ್ಲ, ಅದು ಹೆಂಗಸರು ಹೂ ಕಟ್ಟುವಷ್ಟೇ ಜಾಣತನದ ಕೆಲಸ. ನಾನು ಅರ್ಧ ಭಾನುವಾರ ಕಳೆದೆ. ಆದರೆ ಒಳಗೆ ನೋಡಿದ್ದಕ್ಕೆ ಸಂತೋಷವಾಯಿತು. ಕೊನೆಯಲ್ಲಿ ದನಿ ಹೆಚ್ಚಿಸುವ ಜಾಗದಲ್ಲಿ ಎರಡು ಜರ್ಮೇನಿಯಂ ಟ್ರಾನ್ಸಿಸ್ಟರುಗಳು, ಮೈಮೇಲೆ ಬಿಇಎಲ್ ಎಂದು ಅಚ್ಚು. 1954ರಲ್ಲಿ ಸ್ಥಾಪನೆಯಾದ ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್‌ನ ಮಾಲು ಅದು. ಒಂದು ಕಾಲಕ್ಕೆ ಈ ದೇಶದ ಎಷ್ಟೋ ಹಳ್ಳಿಯ ರೇಡಿಯೊಗಳು ಮಾತಾಡಿದ್ದು ಜಾಲಹಳ್ಳಿಯ ಟ್ರಾನ್ಸಿಸ್ಟರಿನಿಂದ.

ಜರ್ಮೇನಿಯಮ್ಮಿಗೆ ಬಿಸಿಲು ಆಗದು. ಬಿಸಿ ಏರಿದಂತೆ ಅದರಲ್ಲಿ ಬೇಡದ ಕರೆಂಟು ಸೋರುತ್ತದೆ, ದನಿ ಒಡೆಯುತ್ತದೆ. ಅದಕ್ಕೇ ಇರಬೇಕು, ಮೇಸ್ತ್ರಿಗಳು ಮಧ್ಯಾಹ್ನದ ಹೊತ್ತು ರೇಡಿಯೊ ಮೇಲೆ ಒದ್ದೆ ಗೋಣಿಯನ್ನು ಚಪ್ಪರದಂತೆ ಕಟ್ಟುತ್ತಿದ್ದರು. ಅದೇ ಹೊತ್ತಿಗೆ ಅದರ ನಾಲ್ಕು ಸೆಲ್ಲುಗಳನ್ನು ಮಾತ್ರ ತೆಗೆದು ಬಿಸಿಲಿಗೆ ಇಡುವರು! ಬಡವಾದ ಸೆಲ್ಲು ಬಿಸಿಯಾದರೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ ಇನ್ನೆರಡು ದಿನ ನಡೆಯುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಒಂದಕ್ಕೆ ನೆರಳು, ಒಂದಕ್ಕೆ ಬಿಸಿಲು. ಇದನ್ನು ಪ್ರಶ್ನೆಪತ್ರಿಕೆಯಲ್ಲಿ 'ಕಾರಣ ಕೊಡಿ' ಎಂದು ಕೇಳಿದರೆ ನಮ್ಮ ಹತ್ತನೇ ತರಗತಿಯವರು ಬರೆಯುವುದು ಅನುಮಾನ.

ಇನ್ನು ನನ್ನ ಕಡೆಯ ರೇಡಿಯೊಗಳ ಕಥೆ.

ಅಮೆರಿಕದಲ್ಲಿ, ಯುರೋಪಿನಲ್ಲಿ ಮನೆ ಕಟ್ಟುವವರಿಗೆಂದೇ ಒಂದು ಜಾತಿಯ ರೇಡಿಯೊ ಉಂಟು. ಅದನ್ನು ಮಾಡುವವರು ರೇಡಿಯೊ ಕಂಪನಿಯವರಲ್ಲ, ಡ್ರಿಲ್ಲಿಂಗ್ ಯಂತ್ರ ಮಾಡುವವರು. ಡಿವಾಲ್ಟ್, ಮಿಲ್ವಾಕಿ, ಜಪಾನಿನ ಮಕಿಟಾ, ಜರ್ಮನಿಯ ಬಾಷ್. (ಈ ಬಾಷ್ ನಮ್ಮ ಬೆಂಗಳೂರಿನವರಿಗೆ ಬಹುಕಾಲ ಮೈಕೊ ಎಂದೇ ಪರಿಚಯ.) ಡ್ರಿಲ್ಲಿಗೆ ಹಾಕುವ ಬ್ಯಾಟರಿಯನ್ನೇ ರೇಡಿಯೊಗೂ ಹಾಕಬಹುದು ಎಂಬುದು ಉಪಾಯ. ಒಮ್ಮೆ ಒಂದು ಕಂಪನಿಯ ಡ್ರಿಲ್ಲು ಕೊಂಡವನು ಆ ಬ್ಯಾಟರಿಯ ಋಣಕ್ಕೆ ರೇಡಿಯೊ, ಗರಗಸ, ದೀಪ ಎಲ್ಲವನ್ನೂ ಅವರಿಂದಲೇ ಕೊಳ್ಳುತ್ತಾನೆ. ರೇಡಿಯೊದ ಸುತ್ತ ರಬ್ಬರಿನ ಮೂಲೆಗಳು, ಕೊಳವೆಯ ಪಂಜರ. ಬಿದ್ದರೆ ಪಂಜರ ಬೀಳುತ್ತದೆ, ರೇಡಿಯೊ ಬೀಳುವುದಿಲ್ಲ. ಸೈಕಲ್ ಟ್ಯೂಬಿನ ತತ್ವವೇ, ಸ್ವಲ್ಪ ದುಬಾರಿ ಅಷ್ಟೆ.

ಇಂಥದ್ದೊಂದನ್ನು 2003ರಲ್ಲಿ ನನ್ನ ಭಾವಮೈದ ಟೆಕ್ಸಾಸಿನಿಂದ ತಂದುಕೊಟ್ಟ. ಏಳೆಂಟು ಕಿಲೊ ತೂಗುತ್ತಿತ್ತು. ಮುಂದೆ ದೊಡ್ಡ ತಿರುಪು, ಮುಳ್ಳು, ಗಾಜು ಎಲ್ಲ ನಮ್ಮ ರೇಡಿಯೊಗಳ ಹಾಗೇ. ನಾನು ಅದೇ ವಾರ ಶಾಲೆಯಲ್ಲಿ ಪರಿವರ್ತಕದ ಪಾಠ ಮುಗಿಸಿದ್ದೆ. ಸುರುಳಿಗಳ ಸಂಖ್ಯೆ, ವೋಲ್ಟೇಜಿನ ಅನುಪಾತ ಎಲ್ಲ ಬೋರ್ಡಿನ ಮೇಲೆ ಬರೆದಿದ್ದೆ. ಆ ಮೇಲೆ ಮನೆಗೆ ಬಂದು, 120 ವೋಲ್ಟಿನ ಆ ರೇಡಿಯೊವನ್ನು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಸಿಕ್ಕಿಸಿದೆ. 'ಗುಂಯ್' ಎಂದಿತು. ಒಂದು ವಾಸನೆ ಬಂತು. ಆಮೇಲೆ ಮೌನ. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ರೀ, ಪಾಠ ಮಾಡೋರು ಮನೇಲೂ ಸ್ವಲ್ಪ ಓದ್ಕೋಬೇಕು" ಎಂದಳು. ತಮ್ಮ ತಂದ ವಸ್ತುವೆಂದು ಅವಳಿಗೆ ಬೇಸರವೂ ಆಗಿತ್ತು.

ಆದರೆ ಹಳೆಯ ಮಾದರಿಯ ಒಂದು ಗುಣ ಎಂದರೆ ಅದು ಕೆಟ್ಟರೂ ನಮ್ಮ ಕೈಗೆ ಸಿಗುತ್ತದೆ. ಎಂಟು ತಿರುಪು ಬಿಚ್ಚಿದರೆ ಕಪ್ಪಾದ ಟ್ರಾನ್ಸ್‌ಫಾರ್ಮರ್ ಕಣ್ಣೆದುರೇ ಕೂತಿತ್ತು. ಎಸ್.ಪಿ. ರೋಡಿನಲ್ಲಿ ನಮ್ಮ ವೋಲ್ಟೇಜಿನದೇ ಒಂದನ್ನು ಕೊಂಡು ಬೆಸೆದೆ. ಬ್ಯಾಟರಿ ಚಾರ್ಜು ಮಾಡುವ ಭಾಗ ಹೋಯಿತು, ರೇಡಿಯೊ ಉಳಿಯಿತು. ಅದರ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸತ್ತಿತು. ಆಮೇಲೆ ವೈರಿಗೆ ಕಟ್ಟಿಹಾಕಿದ ಹಸುವಿನಂತೆ ಗೋಡೆಯ ಪಕ್ಕದಲ್ಲೇ ಇದ್ದು ದಿನಾ ಬೆಳಿಗ್ಗೆ ಪ್ರದೇಶ ಸಮಾಚಾರ ಹೇಳುತ್ತಿತ್ತು.

ಮೂರನೆಯದು ಮಗನದು. ಅವನು ಓಹಿಯೊದಲ್ಲಿದ್ದಾನೆ. ಮನೆ ಕಟ್ಟುತ್ತೇವೆಂದು ತಿಳಿಸಿದಾಗ, ಊರಿಗೆ ಬರುತ್ತಿದ್ದ ಗೆಳೆಯನ ಕೈಲಿ ಅಂಥದ್ದೇ ಹೊಸ ರೇಡಿಯೊ ಕಳಿಸಿದ. 'ಕೆಲಸದವರು ಖುಷಿಯಾಗಿದ್ರೆ ಕೆಲಸ ಚೆನ್ನಾಗಾಗುತ್ತೆ ಅಪ್ಪ' ಎಂದು ಚೀಟಿ. ಬ್ಯಾಟರಿಯನ್ನು ಮಾತ್ರ ಆ ಹುಡುಗ ಕೈಚೀಲದಲ್ಲಿ ತಂದಿದ್ದ. ಬಿಡಿ ಲಿಥಿಯಂ ಬ್ಯಾಟರಿಯನ್ನು ವಿಮಾನದ ಹೊಟ್ಟೆಗೆ ಹಾಕಲು ಬಿಡುವುದಿಲ್ಲ.

ಅದರ ಮೇಲೆ '20 ವೋಲ್ಟ್ ಮ್ಯಾಕ್ಸ್' ಎಂದು ದಪ್ಪ ಅಕ್ಷರ. ಹಳೆಯದರ ಮೇಲೆ 18 ಎಂದಿತ್ತು. ಎರಡು ವೋಲ್ಟು ಹೆಚ್ಚಾಯಿತಲ್ಲ ಎಂದು ಲೆಕ್ಕ ಹಾಕಿ ನೋಡಿದೆ. ನಿಕ್ಕಲ್-ಕ್ಯಾಡ್ಮಿಯಂ ಕೋಶ ಒಂದಕ್ಕೆ 1.2 ವೋಲ್ಟು, ಹದಿನೈದು ಸೇರಿದರೆ 18. ಲಿಥಿಯಂ ಕೋಶ ಒಂದಕ್ಕೆ ಸರಾಸರಿ 3.6, ಐದು ಸೇರಿದರೆ ಅದೂ 18! ಆಗಷ್ಟೇ ಚಾರ್ಜಾದಾಗ ಕೋಶಕ್ಕೆ ನಾಲ್ಕು ವೋಲ್ಟಿರುತ್ತದೆ, ಆ ಗಳಿಗೆಯ ಇಪ್ಪತ್ತನ್ನು ಮೈಮೇಲೆ ಬರೆದುಕೊಂಡಿದೆ. ಮದುವೆಯ ದಿನದ ಫೋಟೊವನ್ನೇ ಜೀವನವಿಡೀ ತೋರಿಸಿದಂತೆ. ಆದರೂ ಲಿಥಿಯಂ ಬ್ಯಾಟರಿಯನ್ನು ಹೊಗಳಲೇಬೇಕು. ಹದಿನೈದು ಕೋಶದ ಕೆಲಸವನ್ನು ಐದು ಮಾಡುತ್ತವೆ, ತಿಂಗಳುಗಟ್ಟಲೆ ಸುಮ್ಮನಿಟ್ಟರೂ ಸೋರಿ ಬರಿದಾಗುವುದಿಲ್ಲ, ವಿಷದ ಕ್ಯಾಡ್ಮಿಯಂ ಇಲ್ಲ. 2019ರ ರಸಾಯನ ವಿಜ್ಞಾನದ ನೊಬೆಲ್ ಇದನ್ನು ಬೆಳೆಸಿದ ಮೂವರಿಗೆ ಹೋದದ್ದು ನ್ಯಾಯವೇ. ಪೆಟ್ಟಿಗೆಯ ಮೇಲೆ ಐಪಿ 54 ಎಂದು ಇನ್ನೊಂದು ಗುರುತು. 5 ಎಂದರೆ ಒಳಗಿನ ಕೆಲಸ ಕೆಡುವಷ್ಟು ದೂಳು ನುಗ್ಗದು, 4 ಎಂದರೆ ಯಾವ ಕಡೆಯಿಂದ ನೀರು ಎರಚಿದರೂ ತಡೆಯುತ್ತದೆ. ಗೋಡೆಗೆ ನೀರು ಹೊಡೆಯುವ ಹುಡುಗ ಇದನ್ನು ಮೊದಲ ದಿನವೇ ಪರೀಕ್ಷಿಸಿದ. ಪಾಸಾಯಿತು.

ಈ ಸಲ ನಾನು ಎಚ್ಚರದಿಂದ 230ನ್ನು 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರನ್ನು ಮೊದಲೇ ತಂದಿಟ್ಟುಕೊಂಡಿದ್ದೆ. ಹಾಗಾಗಿ ಹೊಗೆ ಬರಲಿಲ್ಲ. ಬೇರೆ ತೊಂದರೆ ಬಂತು.

ಹಾಸನ ಆಕಾಶವಾಣಿ ಎಫ್.ಎಂ.ನಲ್ಲಿ 102.2. ಈ ರೇಡಿಯೊದಲ್ಲಿ ಮುಳ್ಳಿಲ್ಲ, ಅಂಕಿ ಮಾತ್ರ. ಗುಂಡಿ ಒತ್ತಿದರೆ 102.1, ಮತ್ತೆ ಒತ್ತಿದರೆ 102.3. ನಡುವೆ ನಿಲ್ಲುವುದೇ ಇಲ್ಲ. ಅಮೆರಿಕದಲ್ಲಿ ಎಫ್.ಎಂ. ನಿಲಯಗಳೆಲ್ಲ ಬೆಸ ದಶಮಾಂಶದಲ್ಲೇ ಇರುವುದರಿಂದ ಅಲ್ಲಿಗೆಂದು ಮಾಡಿದ ರೇಡಿಯೊ ಎರಡೆರಡು ಮೆಟ್ಟಿಲು ಹಾರುತ್ತದೆ. ಬೆಂಗಳೂರಿನ 101.3, 102.9 ಇದಕ್ಕೆ ನಿಲುಕುವ ಅಂಕಿಗಳು. ನಮಗೆ ಹತ್ತಿರದ ಹಾಸನ, ಆಚೆಯ ಮೈಸೂರಿನ 100.6 ಎರಡೂ ಮೆಟ್ಟಿಲ ಸಂದಿಗೆ ಬಿದ್ದವು. ಹಾಸನದ ನಿರೂಪಕಿ ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು ಮಾತಾಡುವಂತೆ ಕೇಳಿಸುತ್ತಿದ್ದರು.

ಮೀಡಿಯಂ ವೇವಿನಲ್ಲಿ ಇನ್ನೂ ಮೋಜು. 1975ರ ಜಿನೀವಾ ಒಪ್ಪಂದದ ಮೇಲೆ, 1978ರಿಂದ ಏಷ್ಯಾ, ಯುರೋಪ್, ಆಫ್ರಿಕಾಗಳ ಮೀಡಿಯಂ ವೇವ್ ನಿಲಯಗಳು 9 ಕಿಲೊಹರ್ಟ್ಸ್ ಅಂತರದಲ್ಲಿ ಕೂತಿವೆ. ಅಮೆರಿಕದವರು 10ರ ಲೆಕ್ಕದಲ್ಲೇ ಉಳಿದರು. ಇದನ್ನು ಶಾಲೆಗೆ ಒಯ್ದು ಒಂಬತ್ತನೇ ತರಗತಿಯ ಮಕ್ಕಳಿಗೆ ನಿಲಯಗಳ ಅಂಕಿ ಕೊಟ್ಟೆ: ಬೆಂಗಳೂರು 612, ಭದ್ರಾವತಿ 675, ಧಾರವಾಡ 765, ಮಂಗಳೂರು 1089, ಕಲಬುರಗಿ 1107. "ಅಂಕಿಗಳನ್ನು ಕೂಡಿಸಿ ನೋಡಿ" ಎಂದೆ. 6, 1, 2 ಕೂಡಿದರೆ ಒಂಬತ್ತು. 6, 7, 5 ಕೂಡಿದರೆ ಹದಿನೆಂಟು. ಎಲ್ಲವೂ ಒಂಬತ್ತರಿಂದ ಭಾಗವಾಗುವ ಸಂಖ್ಯೆಗಳೇ! ಹಿಂದಿನ ಬೆಂಚಿನ ಒಬ್ಬ ಎದ್ದು ನಿಂತು, "ಹಂಗಾದ್ರೆ ಅಮೆರಿಕದ್ ರೇಡಿಯೊಗೆ ಭದ್ರಾವತಿ ಯಾವತ್ತೂ ಸಿಕ್ಕಲ್ಲ ಅಲ್ವಾ ಸಾ?" ಎಂದ. 670ಕ್ಕೂ 680ಕ್ಕೂ ಸರಿಯಾಗಿ ನಡುವೆ 675. ಅವನು ಇಡೀ ವರ್ಷದಲ್ಲಿ ಕೇಳಿದ ಮೊದಲ ಪ್ರಶ್ನೆ ಅದು. ಬೆಂಗಳೂರಿನ 612 ಮಾತ್ರ 610ರಲ್ಲಿ ಮೂಗು ಕಟ್ಟಿದವರ ದನಿಯಲ್ಲಿ ಬರುತ್ತಿತ್ತು.

ಮೇಸ್ತ್ರಿಯ ರೇಡಿಯೊಗಾಗಲಿ, ಟೆಕ್ಸಾಸಿನ ಹಳೆಯ ರೇಡಿಯೊಗಾಗಲಿ ಈ ಕಷ್ಟವೇ ಇಲ್ಲ. ದಾರಕ್ಕೆ ಒಂಬತ್ತೂ ಗೊತ್ತಿಲ್ಲ, ಹತ್ತೂ ಗೊತ್ತಿಲ್ಲ. ಕೈ ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಲ್ಲುತ್ತದೆ.

ಆದರೂ ಹೊಸ ರೇಡಿಯೊಗೆ ನಮ್ಮ ಸೈಟಿನಲ್ಲಿ ಅಭಿಮಾನಿಗಳು ಕಡಿಮೆಯೇನಿರಲಿಲ್ಲ. ಕೈಯಾಳು ಹುಡುಗನಿಗೆ ಅದರಲ್ಲಿ ನಿಲಯ ಸಿಗದಿದ್ದರೆ ಏನೂ ನಷ್ಟವಿರಲಿಲ್ಲ. ಅವನ ಮೊಬೈಲಿಗೆ ಬ್ಲೂಟೂತ್ ಹಾಕಿದರೆ ಸಿನಿಮಾ ಹಾಡು ನಾಲ್ಕು ಸೈಟಿನ ಆಚೆಗೂ ಕೇಳುತ್ತಿತ್ತು. ಹಳೆಯ ರೇಡಿಯೊದ್ದು ಹೆಚ್ಚೆಂದರೆ ಅರ್ಧ ವ್ಯಾಟ್ ದನಿ, ಇದರದ್ದು ಅದರ ಹತ್ತಾರು ಪಟ್ಟು. ಕಾಂಕ್ರೀಟ್ ಮಿಕ್ಸರ್ ತಿರುಗುವಾಗಲೂ ಹಾಡಿನ ಪದ ಪದ ತಿಳಿಯುವುದು. ನಾನೂ ಹೆಮ್ಮೆಯಿಂದ ನನ್ನ ಫೋನನ್ನು ಅದಕ್ಕೆ ಜೋಡಿಸಿಕೊಂಡು ಹಳೆಯ ಭಾವಗೀತೆ ಹಾಕಿ ನೋಡಿದೆ. ನಿಜ ಹೇಳಬೇಕೆಂದರೆ ಅಂಥ ಗಂಭೀರ ಮಂದ್ರಸ್ವರವನ್ನು ನಮ್ಮ ಮನೆಯ ಯಾವ ರೇಡಿಯೊವೂ ಕೊಟ್ಟಿರಲಿಲ್ಲ.

ಮೇಸ್ತ್ರಿಗಳು ಏನೂ ಅನ್ನಲಿಲ್ಲ. ತಮ್ಮದನ್ನು ಗೋಣಿಚೀಲಕ್ಕೆ ಸೇರಿಸಿದರು. ಒಂದು ದಿನ ಸಾರವೆ ಮೇಲಿಂದ ಅವರು "ಇಟ್ಟಿಗೆ ಸಾಕು" ಎಂದು ಮೂರು ಸಲ ಕೂಗಿದ್ದು ಹುಡುಗನಿಗೆ ಕೇಳಿಸದೆ, ನಾಲ್ಕನೇ ಇಟ್ಟಿಗೆ ಅವರ ಮೊಣಕಾಲ ಪಕ್ಕದಲ್ಲೇ ಬಂದು ಬಿತ್ತು. ಕೆಳಗಿಳಿದು ಬಂದು ನನಗೆ ಹೇಳಿದ್ದು ಇಷ್ಟೇ: "ಮೇಷ್ಟ್ರೇ, ರೇಡಿಯೊ ನಮ್ ಮಾತಿಗಿಂತ ಸಣ್ಣಗಿರ್ಬೇಕು." ದನಿ ತಗ್ಗಿಸಿದೆವು. ನಾಲ್ಕು ದಿನಕ್ಕೆ ಮತ್ತೆ ಏರಿತು.

ಏಪ್ರಿಲ್ ಎರಡನೇ ವಾರ. ಸೆಂಟ್ರಿಂಗ್ ಹೊಡೆದು ಕಂಬಿ ಕಟ್ಟುತ್ತಿದ್ದರು. ಅಂದು ರಜೆ, ಬೆಳಗಿನಿಂದ ಅಲ್ಲೇ ಇದ್ದೆ. ಹನ್ನೊಂದರ ಹೊತ್ತಿಗೆ ನನ್ನ ಹೆಂಡತಿ ಎಲ್ಲರಿಗೂ ಕಾಫಿ ತಂದಳು. ಕೆಲಸ ನಿಂತು, ಹಾಡೂ ನಿಂತು, ಎಲ್ಲರೂ ನೆರಳಿಗೆ ಬಂದು ಕೂತರು. ಆಗ ಫೋನು ನೋಡಿದರೆ ಮಗನಿಂದ ವಾಟ್ಸಾಪಿನಲ್ಲಿ ಧ್ವನಿ ಸಂದೇಶ. ಅಲ್ಲಿ ರಾತ್ರಿ ಮಲಗುವ ಮುಂಚೆ ಕಳಿಸಿದ್ದು. ಏನೋ ವಿಶೇಷವೆಂದು ಒತ್ತಿದೆ. ಫೋನಿನಲ್ಲಿ ಏನೂ ಕೇಳಲಿಲ್ಲ. ಮಗನ ದನಿ ಬಂದದ್ದು ಹತ್ತು ಮಾರು ಆಚೆ ಇಟ್ಟಿಗೆ ರಾಶಿಯ ಮೇಲಿದ್ದ ರೇಡಿಯೊದಿಂದ.

"ಅಪ್ಪ, ಫೋನ್ ಮಾಡೇ ಹೇಳ್ಬೇಕು ಅಂತಿದ್ದೆ, ಧೈರ್ಯ ಆಗ್ಲಿಲ್ಲ. ಇಲ್ಲಿ ಒಂದು ಮನೆ ನೋಡಿದ್ವಲ್ಲ, ಅದನ್ನ ತಗೊಂಡ್ಬಿಟ್ವಿ. ಮೂವತ್ತು ವರ್ಷದ ಸಾಲ."

ನಾನು ಫೋನಿನ ಮೇಲೆ ಎಲ್ಲೆಲ್ಲೋ ಒತ್ತುತ್ತಿದ್ದೆ. ಕನ್ನಡಕ ಜೇಬಿನಲ್ಲಿತ್ತು. ರೇಡಿಯೊದ ಹತ್ತಿರ ಕೂತಿದ್ದ ಮೇಸ್ತ್ರಿಗಳು ಲೋಟ ಕೆಳಗಿಟ್ಟು ಕೈಚಾಚಿ ತಿರುಪು ಹಿಡಿದು ಎಡಕ್ಕೆ ತಿರುಗಿಸಿದರು. ಅವರ ರೇಡಿಯೊದಲ್ಲಿ ಹಾಗೆ ತಿರುಗಿಸಿದರೆ ಅರ್ಧ ಸುತ್ತಿಗೆ 'ಟಕ್' ಎಂದು ಬಾಯಿ ಮುಚ್ಚುತ್ತದೆ. ಇದರ ತಿರುಪಿಗೆ ಕೊನೆಯೇ ಇಲ್ಲ, ಸುತ್ತುತ್ತಲೇ ಇರುತ್ತದೆ, ಒಂದೊಂದು ಸುತ್ತಿಗೆ ದನಿ ಒಂದಿಷ್ಟು ಇಳಿಯುತ್ತದೆ. ಅವರು ಸುತ್ತಿದರು, ಮತ್ತೆ ಸುತ್ತಿದರು.

"ಮೇಲಿನ ಫ್ಲೋರ್ ಈಗ ಕಟ್ಸಬೇಡಿ ಅಪ್ಪ. ನಾವು ಬಂದ್ರೂ ಹದಿನೈದು ದಿನ ಇರ್ತೀವಿ, ಅಷ್ಟಕ್ಕೆ ಕೆಳಗಡೆ ರೂಮ್ ಸಾಕು. ಅಮ್ಮನಿಗೆ ನೀವೇ ನಿಧಾನಕ್ಕೆ ಹೇಳಿ."

ಅಮ್ಮ ಕಾಫಿಯ ಕ್ಯಾನು ಹಿಡಿದು ಅಲ್ಲೇ ನಿಂತಿದ್ದಳು. ದನಿ ಕೊನೆಗೆ ಸಣ್ಣಗಾಗಿ ನಿಂತಿತೋ, ಮಾತೇ ಮುಗಿದು ನಿಂತಿತೋ ಹೇಳಲಾರೆ. ಕೈಯಾಳು ಹುಡುಗ ತಾನೇ ತಪ್ಪು ಮಾಡಿದವನಂತೆ ನೆಲ ನೋಡುತ್ತಿದ್ದ. ನನ್ನ ಹೆಂಡತಿ ಇನ್ನೂ ಕಾಫಿ ಸಿಗದಿದ್ದ ಇಬ್ಬರಿಗೆ ಬಗ್ಗಿಸಿದಳು. "ಸಕ್ಕರೆ ಸರಿಯಾಗಿದೆಯಾ?" ಎಂದು ಕೇಳಿದಳು. ಸರಿಯಾಗಿದೆ ಎಂದರು. ಲೋಟ ತೊಳೆದುಕೊಂಡು ಮನೆಗೆ ಹೋದಳು. ಸಂಜೆ ನಾನು ವಿಷಯ ಎತ್ತಿದರೆ, "ಕೇಳಿಸ್ತಲ್ರೀ, ಇನ್ನೇನ್ ಹೇಳ್ತೀರ" ಎಂದಳು. ಅವಳಿಗೆ ಮಗ ಮನೆ ಕೊಂಡದ್ದಕ್ಕೆ ಸಿಟ್ಟಿರಲಿಲ್ಲ. ಆರು ಜನರ ಮುಂದೆ ತಿಳಿಯಿತಲ್ಲ ಎಂದು ನಾಲ್ಕು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆ ಸಿಟ್ಟು ನ್ಯಾಯವಾದದ್ದೇ.

ಮಾರನೇ ದಿನ ಗೋಣಿಚೀಲದಿಂದ ಸೈಕಲ್ ಟ್ಯೂಬಿನ ರೇಡಿಯೊ ಹೊರಬಂತು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಮಗನ ರೇಡಿಯೊವನ್ನು ನಾನು ಮನೆಗೆ ಒಯ್ದೆ. ಮಧ್ಯಾಹ್ನ ಮೇಸ್ತ್ರಿಗಳು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಮೋಲ್ಡ್ ಹಾಕೋ ಮುಂಚೆ ಒಂದ್ ಮಾತು ಮೇಷ್ಟ್ರೇ. ಪಿಲ್ಲರ್ ಕಂಬಿ ಮೇಲಕ್ಕೆ ಬಿಡೋದಾ, ಕತ್ತರಿಸಿ ಬಗ್ಗಿಸಿಬಿಡೋದಾ?"

ಪ್ರಶ್ನೆ ಕಬ್ಬಿಣದ್ದೇ. ಮೇಲಂತಸ್ತು ಕಟ್ಟುವುದಾದರೆ ಪಿಲ್ಲರಿನ ಕಂಬಿಗಳನ್ನು ತಾರಸಿಯ ಮೇಲೆ ಮೂರು ಅಡಿಯಾದರೂ ಬಿಡಬೇಕು. ಕಟ್ಟುವುದಿಲ್ಲವೆಂದರೆ ಅಲ್ಲಿಗೇ ಮುಗಿಸಬೇಕು. ಒಮ್ಮೆ ಮುಗಿಸಿದರೆ ಆಮೇಲೆ ಕಟ್ಟುವ ಮನಸ್ಸಾದರೆ ಒಡೆಯಬೇಕು. ನಾನು "ನಾಳೆ ಹೇಳ್ತೀನಿ" ಎಂದೆ. ಎರಡು ದಿನ ಹಾಗೇ ಹೇಳಿದೆ.

ಮೋಲ್ಡ್ ಹಾಕಿದ ದಿನ ಬೆಳಿಗ್ಗೆ ಆಕಾಶ ಶುಭ್ರವಾಗಿತ್ತು. ಮಿಕ್ಸರ್ ಬಂತು, ಇಪ್ಪತ್ತು ಜನ ಬಂದರು. ಮೇಸ್ತ್ರಿಗಳ ರೇಡಿಯೊ ಈ ಸಲ ಮನೆಯೊಳಗಲ್ಲ, ಎದುರಿನ ಖಾಲಿ ಸೈಟಿನ ಕಲ್ಲಿನ ಮೇಲಿತ್ತು. ಕಂಬಿ ಕಟ್ಟಿದ ಮೇಲೆ ಒಳಗೆ ಬೆಂಗಳೂರು ಬರುವುದಿಲ್ಲ ಎಂದು ಅವರೇ ಕಂಡುಕೊಂಡಿದ್ದರು. 612 ಕಿಲೊಹರ್ಟ್ಸಿನ ಒಂದು ಅಲೆಯ ಉದ್ದ ಸುಮಾರು 490 ಮೀಟರು. ಅದಕ್ಕೆ ಅರ್ಧ ಅಡಿ ಅರ್ಧ ಅಡಿಗೆ ಕಟ್ಟಿದ ಕಂಬಿಯ ಬಲೆ ಹೆಚ್ಚು ಕಡಿಮೆ ಗೋಡೆಯೇ. ಮೂರು ಮೀಟರು ಉದ್ದದ ಎಫ್.ಎಂ. ಅಲೆ ಕಿಟಕಿ ಬಾಗಿಲಿನಲ್ಲಿ ನುಸುಳಿಕೊಂಡು ಬರುತ್ತದೆ. ಮನೆ ಮನೆಯಾಗುತ್ತ ಬಂದ ಹಾಗೆ ಆ ರೇಡಿಯೊ ಒಂದೊಂದೇ ಹೆಜ್ಜೆ ಹೊರಗೆ ಹೋಗಿತ್ತು.

ಮೂರು ಗಂಟೆಯ ಹೊತ್ತಿಗೆ ರೇಡಿಯೊ 'ಕೊರ್ರ್' ಎಂದಿತು. ಯಾರೋ ಕಟರ್ ಮೆಷಿನ್ ಹಾಕಿರಬೇಕು ಎಂದುಕೊಂಡೆ. ಅದರ ಕಾರ್ಬನ್ ಬ್ರಷ್ಷಿನ ಕಿಡಿಗೂ ಮೀಡಿಯಂ ವೇವ್ ಹೀಗೇ ಅನ್ನುತ್ತದೆ. ಆದರೆ ಕಟರ್ ಹಾಕಿರಲಿಲ್ಲ. ಮತ್ತೆ 'ಕೊರ್ರ್', ಬಿಟ್ಟು ಬಿಟ್ಟು, ಸಣ್ಣಗೆ. ಮೇಸ್ತ್ರಿಗಳು ತಾರಸಿಯ ಮೇಲಿಂದ ಕಿವಿಗೊಟ್ಟು ಕೇಳಿ, "ಟಾರ್ಪಾಲು ತತ್ರಪ್ಪಾ" ಎಂದು ಕೂಗಿದರು. ನಾನು ತಲೆಯೆತ್ತಿ ನೋಡಿದೆ. ಕಡೂರಿನ ದಿಕ್ಕಿಗೆ ಒಂದು ಮಾಸಲು ಗೆರೆ ಬಿಟ್ಟರೆ ಮೋಡವಿರಲಿಲ್ಲ. ಮಿಂಚಿನ ಪ್ರತಿ ಹೊಡೆತವೂ ಒಂದು ರೇಡಿಯೊ ಅಲೆಯನ್ನು ಎಬ್ಬಿಸುತ್ತದೆ. ಅದು ನೂರಾರು ಕಿಲೊಮೀಟರ್ ದೂರದಿಂದಲೂ ಮೀಡಿಯಂ ವೇವಿಗೆ ಮುಟ್ಟುತ್ತದೆ. ಎಫ್.ಎಂ. ಅದನ್ನು ಸೋಸಿ ಎಸೆಯುತ್ತದೆ, ಅದೇ ಅದರ ಹೆಚ್ಚುಗಾರಿಕೆ. ಬ್ಲೂಟೂತಿಗಂತೂ ಆಕಾಶದ ಗೊಡವೆಯೇ ಇಲ್ಲ. ಮುಕ್ಕಾಲು ಗಂಟೆಯಲ್ಲಿ ಗಾಳಿ ಎದ್ದು ಮಾವಿನ ಮಳೆ ಬಂತು. ಕಾಂಕ್ರೀಟು ಅಷ್ಟರಲ್ಲಿ ಟಾರ್ಪಾಲಿನಡಿ ಬೆಚ್ಚಗಿತ್ತು. ಹೊಸ ತಾರಸಿಯ ಮೇಲ್ಮೈ ಒಂದು ತೂತಿಲ್ಲದೆ ಉಳಿಯಿತು.

ಮಳೆಯಲ್ಲಿ ಎಲ್ಲರೂ ಸೆಂಟ್ರಿಂಗ್ ಕೆಳಗೆ ನಿಂತಿದ್ದಾಗ ನನ್ನ ಹೆಂಡತಿ, ನನ್ನನ್ನು ಕೇಳದೆಯೇ, ಮೇಸ್ತ್ರಿಗಳಿಗೆ ಹೇಳಿದಳು: "ಅಣ್ಣಾ, ಕಂಬಿ ಬಿಡಿ. ಬಟ್ಟೆ ಒಣಗ್ಹಾಕೋ ಹಗ್ಗ ಕಟ್ಟೋಕಾದ್ರೂ ಬೇಕಲ್ಲ."

"ಅದ್ಕೇ ಕತ್ತರಿಸಿರ್ಲಿಲ್ಲ ಕಣಮ್ಮ" ಎಂದರು ಮೇಸ್ತ್ರಿಗಳು.

ಕಂಬಿಗಳಿಗೆ ತುಕ್ಕು ಹಿಡಿಯದಂತೆ ಸಿಮೆಂಟಿನ ಹಾಲು ಬಳಿದುಕೊಟ್ಟರು. ಸಿಮೆಂಟಿನ ಕ್ಷಾರ ಕಬ್ಬಿಣದ ಮೈಮೇಲೆ ಒಂದು ತೆಳು ಪೊರೆ ಕಟ್ಟಿ ಕಾಯುತ್ತದೆ. ವರ್ಷಕ್ಕೊಮ್ಮೆ ನಾನೇ ಮೇಲೆ ಹತ್ತಿ ಬಳಿಯುತ್ತೇನೆ. ಗೃಹಪ್ರವೇಶದ ದಿನ ಮೇಸ್ತ್ರಿಗಳಿಗೆ ಪಂಚೆ, ಶಲ್ಯದ ಜೊತೆ ಒಂದು ರೇಡಿಯೊ ಕೊಡಬೇಕೆಂದು ಮನಸ್ಸಾಯಿತು. ಎರಡನ್ನೂ ಮುಂದಿಟ್ಟು, "ಯಾವುದು ಬೇಕೋ ತಗೊಳ್ಳಿ" ಎಂದೆ. ಅವರು ಹೊಸದರ ತಿರುಪನ್ನು ಒಂದು ಸುತ್ತು ಸುತ್ತಿ ನೋಡಿ, ಕೈ ಹಿಂದೆಗೆದುಕೊಂಡು, ಟೆಕ್ಸಾಸಿನ ಹಳೆಯದನ್ನು ತೋರಿಸಿ, "ಮುಳ್ಳಿರೋದು ಕೊಡಿ" ಎಂದರು. ಪಂಜರವಿರುವ ರೇಡಿಯೊಗೂ ಅವರು ಈಗ ಟ್ಯೂಬು ಸುತ್ತಿದ್ದಾರೆ ಎಂದು ಕೇಳಿದ್ದೇನೆ.

ಮಗನ ರೇಡಿಯೊ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿದೆ. ಆಗಸ್ಟ್ ಹದಿನೈದಕ್ಕೆ, ಶಾಲಾ ವಾರ್ಷಿಕೋತ್ಸವಕ್ಕೆ ಅದೇ ಧ್ವನಿವರ್ಧಕ. ಮೊನ್ನೆ ಅವನು ಫೋನ್ ಮಾಡಿದಾಗ, "ಅಪ್ಪ, ರೇಡಿಯೊ ಉಪಯೋಗ ಆಗ್ತಿದೆಯಾ?" ಎಂದು ಕೇಳಿದ. ಅಂದಿನ ವಿಷಯವನ್ನು ಅವನಿಗೆ ನಾವು ಹೇಳಿಲ್ಲ. "ಚೆನ್ನಾಗಿದೆ ಕಣೋ. ಹಾಸನ ಮಾತ್ರ ಸಿಗಲ್ಲ" ಎಂದೆ.

"ಅಷ್ಟು ಹತ್ತಿರ ಇದೆಯಲ್ಲಪ್ಪ?"

"ದೂರದಿಂದಲ್ಲ. ಅದರ ಮೆಟ್ಟಿಲು ಬೇರೆ, ನಮ್ಮ ಮೆಟ್ಟಿಲು ಬೇರೆ. ನೋಡು, ಅಲ್ಲಿ ಎಲ್ಲಾ ಬೆಸ ದಶಮಾಂಶ..." ಎಂದು ಶುರು ಮಾಡಿದೆ. ಅವನಿಗೆ ಏನೋ ಮೀಟಿಂಗ್ ಇತ್ತು. ಭಾನುವಾರ ಕೇಳುತ್ತೇನೆ ಎಂದ.